ತಟ್ಟೆಯ ತಳದ ಹೆಸರು

ಪಿಂಪ್ರಿಯ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ನಾನು 31 ವರ್ಷ ಕೆಲಸ ಮಾಡಿದೆ. ಬೋಲ್ಟು, ಬೇರಿಂಗು, ರಬ್ಬರ್ ಸೀಲು, ಏನೇ ಬರಲಿ, ಚಲನ್ನಿನ ಮೇಲೆ ಬರೆದದ್ದನ್ನೂ ಡಬ್ಬಿಯೊಳಗೆ ಇದ್ದದ್ದನ್ನೂ ತಾಳೆ ನೋಡಿದ ಮೇಲೆಯೇ ಸಹಿ. ನಿವೃತ್ತಿಯಾದರೂ ಆ ಅಭ್ಯಾಸ ಬಿಟ್ಟಿಲ್ಲ. ಕಳೆದ ಸಲ ಇದೇ ಅಂಕಣದಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಜೋಳದ ಹಿಟ್ಟಿನ ಬಗ್ಗೆ ಬರೆದಾಗ, "ನಿಮಗೆ ಯಾರೂ ಟೋಪಿ ಹಾಕಲಾರರು ಬಿಡಿ" ಎಂದು ನಿಮ್ಮಲ್ಲಿ ಕೆಲವರು ಬರೆದಿದ್ದಿರಿ. ಹಾಗೇನಿಲ್ಲ. ಹೋದ ವರ್ಷ ಮೊಮ್ಮಗನ ಹುಟ್ಟುಹಬ್ಬಕ್ಕೆ ಒಂದು ಪ್ಲಾಸ್ಟಿಕ್ ತಟ್ಟೆ ಕೊಳ್ಳಲು ಹೋಗಿ ನನಗೆ ನಾನೇ ಟೋಪಿ ಹಾಕಿಕೊಂಡೆ. ಈ ಸಲ ಆ ಕಥೆ.

ಮಗಳು, ಅಳಿಯ ಇರುವುದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ. ಮೊಮ್ಮಗನಿಗೆ ಅಲ್ಲಿ ಡಿಸ್ಕ್ ಗಾಲ್ಫ್ ಎಂಬ ಆಟದ ಹುಚ್ಚು ಹಿಡಿದಿದೆ. ಹೆಸರು ಕೇಳಿ ಶ್ರೀಮಂತರ ಆಟ ಎಂದುಕೊಳ್ಳಬೇಡಿ. ಹೆಚ್ಚಿನ ಕಡೆ ಸಾರ್ವಜನಿಕ ಉದ್ಯಾನದಲ್ಲೇ ಆಡುತ್ತಾರೆ, ಬಹಳ ಕಡೆ ದುಡ್ಡೂ ಕೊಡಬೇಕಿಲ್ಲ. ಚೆಂಡು, ಕೋಲಿನ ಬದಲು ಕೈಯಿಂದ ಎಸೆಯುವ ತಟ್ಟೆ. ನೆಲದ ಕುಳಿಯ ಬದಲು ಕಂಬಕ್ಕೆ ಕೂರಿಸಿದ ಕಬ್ಬಿಣದ ಬುಟ್ಟಿ, ಅದರ ಮೇಲೆ ಇಳಿಬಿಟ್ಟ ಸರಪಳಿಗಳು. ತಟ್ಟೆ ಸರಪಳಿಗೆ ಬಡಿದು ಬುಟ್ಟಿಯಲ್ಲಿ ನಿಲ್ಲಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವನು ಗೆದ್ದ.

ಈ ಆಟಕ್ಕೆ ಒಂದು ರೂಪ ಕೊಟ್ಟವರು ಎಡ್ ಹೆಡ್ರಿಕ್. ಫ್ರಿಸ್ಬಿ ತಯಾರಿಸುತ್ತಿದ್ದ ವ್ಯಾಮ್-ಓ ಕಂಪನಿಯಲ್ಲಿದ್ದವರು. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಕಾಯಂ ಮೈದಾನ ಮಾಡಿದರು, 1976ರಲ್ಲಿ ಆಟಗಾರರ ಸಂಘ ಕಟ್ಟಿದರು. ಪಿಡಿಜಿಎ ಎಂಬ ಆ ಸಂಘವೇ ಇವತ್ತಿಗೂ ಆಟದ ನಿಯಮ ನೋಡಿಕೊಳ್ಳುತ್ತದೆ. 2002ರಲ್ಲಿ ಹೆಡ್ರಿಕ್ ತೀರಿಕೊಂಡಾಗ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್‌ಗೆ ಬೆರೆಸಿ ಡಿಸ್ಕ್ ಮಾಡಿದರಂತೆ. ನಾವು ಗಂಗೆಗೆ ಬಿಡುತ್ತೇವೆ, ಅವರು ಗಾಳಿಗೆ ಬಿಟ್ಟರು.

ತಟ್ಟೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಚೆನ್ನೈ, ಮುಂಬಯಿಯ ಕಡಲ ದಂಡೆಗಳಲ್ಲಿ ಹುಡುಗ ಹುಡುಗಿಯರು ಅಲ್ಟಿಮೇಟ್ ಫ್ರಿಸ್ಬಿ ಆಡುವುದನ್ನು ನೀವು ನೋಡಿರಬಹುದು. ಆ ಡಿಸ್ಕಿನ ತೂಕ 175 ಗ್ರಾಂ, ಅಗಲ 27 ಸೆಂಟಿಮೀಟರ್ ಆಸುಪಾಸು. ಡಿಸ್ಕ್ ಗಾಲ್ಫಿನಲ್ಲಿ ಹೆಚ್ಚುಕಡಿಮೆ ಅಷ್ಟೇ ತೂಕವನ್ನು 21 ಸೆಂಟಿಮೀಟರಿನಲ್ಲಿ ತುಂಬಿರುತ್ತಾರೆ. ದೂರ ಎಸೆಯುವ ಡಿಸ್ಕಿನ ಅಂಚಂತೂ ತೆಳ್ಳಗೆ ಇಳಿಜಾರಾಗಿರುತ್ತದೆ. ಅಂಥ ಅಂಚಿನ ಮೊದಲ ಡಿಸ್ಕ್ 1983ರಲ್ಲಿ ಇನ್ನೋವಾ ಕಂಪನಿ ಮಾಡಿದ ಈಗಲ್. ಕಡಲ ದಂಡೆಯ ಫ್ರಿಸ್ಬಿ ತಲೆಗೆ ಬಡಿದರೆ ನಗು, ಇದು ಬಡಿದರೆ ಹೊಲಿಗೆ.

ಇಷ್ಟೆಲ್ಲ ಆಮೇಲೆ ತಿಳಿದದ್ದು. ಆವತ್ತು ನನಗೆ ಗೊತ್ತಿದ್ದದ್ದು ಒಂದೇ: ಹುಡುಗನಿಗೆ 12 ತುಂಬುತ್ತದೆ, ಡಿಸ್ಕ್ ಬೇಕಂತೆ. ಕೋಥ್ರುಡಿನ ಮನೆಯಲ್ಲಿ ಕೂತು ಅಲ್ಲಿಯ ಒಂದು ಆನ್‌ಲೈನ್ ಅಂಗಡಿ ತೆರೆದೆ. ಬಣ್ಣಬಣ್ಣದ ತಟ್ಟೆಗಳ ಸಾಲು ಸಾಲು ಚಿತ್ರ. ಪ್ರತಿಯೊಂದರ ಕೆಳಗೂ ಒಂದು ಹೆಸರು, ಬೆಲೆ, ಅದರ ಪಕ್ಕ ನಾಲ್ಕು ಅಂಕಿ. ಒಂದರ ಕೆಳಗೆ ಡೆಸ್ಟ್ರಾಯರ್ ಎಂಬ ಹೆಸರು. 12, 5, ಮೈನಸ್ 1, 3. ಮೊದಲ ಅಂಕಿ 'ಸ್ಪೀಡ್' ಎಂದು ಬರೆದಿತ್ತು. ಹುಡುಗನಿಗೆ 12, ಡಿಸ್ಕಿಗೂ 12. ಹೆಚ್ಚು ಸ್ಪೀಡ್ ಅಂದಮೇಲೆ ಹೆಚ್ಚು ಒಳ್ಳೆಯದೇ ಇರಬೇಕು ಎಂದು 175 ಗ್ರಾಂನದು ಆರಿಸಿದೆ. ಅದೂ ಇದ್ದುದರಲ್ಲಿ ಭಾರದ್ದು. ತೂಕದ ಮಾಲಿಗೆ ಬೆಲೆ ಹೆಚ್ಚು ಎಂಬುದು ನಮ್ಮ ಸ್ಟೋರ್ಸಿನ ಬುದ್ಧಿ. ಮಗಳ ವಿಳಾಸ ಕೊಟ್ಟು ಹಣ ಕಟ್ಟಿದೆ.

ಹುಟ್ಟುಹಬ್ಬದ ದಿನ ಹುಡುಗ ಕುಣಿದಾಡಿದ. ಮುಂದಿನ ಮೂರು ವಾರ ಡಿಸ್ಕಿನ ಸುದ್ದಿಯೇ ಇಲ್ಲ. ನಾನೇ ಕೇಳಿದಾಗ ಮಗಳು ಹೇಳಿದಳು: "ಅಪ್ಪಾ, ನೀವು ಕಳಿಸಿದ್ದು ಭಾಳ ಛಂದ ಅದ. ಆದ್ರ ಅದು ದೊಡ್ಡ ಆಟಗಾರರದಂತ. ಇವಾ ಒಗದ್ರ ನೂರು ಅಡಿನೂ ಹೋಗಂಗಿಲ್ಲ, ಎಡಕ್ಕ ಹೊಳ್ಳಿ ಕಂಟಿಯಾಗ ಬೀಳತದ. ನಿಮಗ ಬ್ಯಾಸರ ಆಗ್ತದಂತ ಹೇಳಿಲ್ಲ." ಹುಡುಗ ಆಡಲು ಹೋಗುವುದನ್ನೇ ಕಡಿಮೆ ಮಾಡಿದ್ದ. ಗೆಳೆಯರ ಡಿಸ್ಕ್ ನೇರ ಹೋಗುತ್ತಿತ್ತು, ಇವನದು ಹೋಗುತ್ತಿರಲಿಲ್ಲ. ತಪ್ಪು ತನ್ನ ಕೈಯದೇ ಎಂದು ತಿಳಿದಿದ್ದ. ನನಗೆ ಮನಸ್ಸಿಗೆ ಚುಚ್ಚಿದ್ದು ಈ ಕೊನೆಯ ಮಾತು. ಸುಮಾರು 20 ಡಾಲರ್ ಹೋಗಲಿ; ಒಂದು ತಪ್ಪು ಅಂಕಿಯಿಂದ ಹುಡುಗನಿಗೆ ಆಟವೇ ಬೇಡವಾಗುವುದಿತ್ತು.

ಮತ್ತೆ ಅದೇ ಪುಟ ತೆರೆದು, ಈ ಸಲ ಕೊನೆಯ ಸಾಲಿನವರೆಗೂ ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಅನುಭವಿಗಳಿಗೆ' ಎಂದಿತ್ತು. ಅಂಗಡಿಯವರ ತಪ್ಪಿಲ್ಲ, ಸಹಿ ಹಾಕಿದವನದೇ ತಪ್ಪು.

ಆ ನಾಲ್ಕು ಅಂಕಿಗಳ ಅರ್ಥ ಇಷ್ಟು. ಇದು ಇನ್ನೋವಾ ಕಂಪನಿ ರೂಢಿಗೆ ತಂದ ಪದ್ಧತಿ, ಈಗ ಬಹುತೇಕ ಎಲ್ಲರೂ ಹೀಗೆಯೇ ಬರೆಯುತ್ತಾರೆ. ಮೊದಲನೆಯದು ಸ್ಪೀಡ್, 1ರಿಂದ 14ರ ಆಸುಪಾಸಿನವರೆಗೆ. ಅದು ಡಿಸ್ಕ್ ಎಷ್ಟು ಜೋರಾಗಿ ಹೋಗುತ್ತದೆ ಎಂಬ ಭರವಸೆಯಲ್ಲ. ಸರಿಯಾಗಿ ಹಾರಬೇಕಾದರೆ ನೀವು ಎಷ್ಟು ಜೋರಾಗಿ ಎಸೆಯಬೇಕು ಎಂಬ ಷರತ್ತು. ಎರಡನೆಯದು ಗ್ಲೈಡ್, 1ರಿಂದ 7. ಗಾಳಿಯಲ್ಲಿ ಎಷ್ಟು ಹೊತ್ತು ತೇಲುತ್ತದೆ ಎಂಬುದು. ಮೂರನೆಯದು ಟರ್ನ್, ಎಸೆದ ಹೊಸದರಲ್ಲಿ, ವೇಗ ಇರುವಾಗ, ಎಷ್ಟು ಬಲಕ್ಕೆ ವಾಲುತ್ತದೆ ಎಂಬುದು. ಇದು 1ರಿಂದ ಮೈನಸ್ 5ರವರೆಗೆ, ಮೈನಸ್ ಹೆಚ್ಚಿದಷ್ಟೂ ವಾಲು ಹೆಚ್ಚು. ನಾಲ್ಕನೆಯದು ಫೇಡ್, 0ಯಿಂದ 5. ವೇಗ ಇಳಿದ ಮೇಲೆ ಎಷ್ಟು ಎಡಕ್ಕೆ ತಿರುಗಿ ಬೀಳುತ್ತದೆ ಎಂಬುದು. ಇದೆಲ್ಲ ಬಲಗೈಯವರು ಕೈಯನ್ನು ಎದೆಗೆ ಅಡ್ಡವಾಗಿ ಎಳೆದುಕೊಂಡು ಬೀಸಿ ಎಸೆದಾಗಿನ ಲೆಕ್ಕ. ಎಡಗೈಯವರು ಹಾಗೆಯೇ ಎಸೆದರೆ ಎಡಬಲ ಅದಲುಬದಲು.

ಈಗ ನನ್ನ ಡೆಸ್ಟ್ರಾಯರ್ ನೋಡಿ. 12ರ ಷರತ್ತನ್ನು ಹನ್ನೆರಡು ವರ್ಷದ ಕೈ ಪೂರೈಸಲಾರದು. ಬೇಕಾದ ವೇಗ ಬರುವುದೇ ಇಲ್ಲವಾದ್ದರಿಂದ ಬಲಕ್ಕೆ ವಾಲುವ ಭಾಗ ನಡೆಯುವುದಿಲ್ಲ. ಉಳಿಯುವುದು ಫೇಡ್ ಒಂದೇ, ಎಡಕ್ಕೆ ಹೊರಳಿ ನೆಲಕ್ಕೆ. ಕಂಟಿಯಲ್ಲಿ ಬಿದ್ದದ್ದು ಹುಡುಗನ ತಪ್ಪಲ್ಲ, ಲೆಕ್ಕದ ಪ್ರಕಾರವೇ ಬಿತ್ತು. ಅದೇ ಕಂಪನಿಯ ಲೆಪರ್ಡ್ ಎಂಬ ಡಿಸ್ಕಿನ ಅಂಕಿ 6, 5, ಮೈನಸ್ 2, 1. ಹೊಸಬರ ಕೈಗೆ ಅದು ನೇರ ಹೋಗುವ ಸಂಭವ ಹೆಚ್ಚು. ಬುಟ್ಟಿಯ ಹತ್ತಿರದಿಂದ ಎಸೆಯುವ ಏವಿಯರ್ 2, 3, 0, 1. ಅಂಕಿ ಸಣ್ಣದಾದರೆ ಮಾಲು ಕೀಳು ಎಂದಲ್ಲ, ಕೆಲಸ ಬೇರೆ.

ಸ್ಟೋರ್ಸಿನವನಿಗೆ ಇಲ್ಲಿ ಒಂದು ಪ್ರಶ್ನೆ ಏಳಲೇಬೇಕು. ಈ ಅಂಕಿ ಅಳೆದದ್ದೋ, ಹೇಳಿದ್ದೋ? ಪುಟದ ಮೇಲಿನ ಎಲ್ಲ ಅಂಕಿಗಳೂ ಒಂದೇ ಜಾತಿಯವಲ್ಲ. ತೂಕ, ವ್ಯಾಸ, ಅಂಚಿನ ಅಗಲ, ಇವು ತಕ್ಕಡಿ, ವರ್ನಿಯರ್ ಇಟ್ಟು ನೋಡಬಹುದಾದವು. ಪಿಡಿಜಿಎ ಸಂಘದ ನಿಯಮವೂ ಇವಕ್ಕೇ ಇದೆ. ವ್ಯಾಸ 21 ಸೆಂಟಿಮೀಟರಿಗೆ ಕಡಿಮೆ ಇರಬಾರದು. ತೂಕ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರಬಾರದು, ಒಟ್ಟು 200 ಗ್ರಾಂ ದಾಟಬಾರದು. 21.2 ಸೆಂಟಿಮೀಟರ್ ವ್ಯಾಸದ ಡಿಸ್ಕಿಗೆ ಗುಣಿಸಿ ನೋಡಿ, 176 ಗ್ರಾಂಗೆ ಸ್ವಲ್ಪ ಕಡಿಮೆ ಬರುತ್ತದೆ. ಅಂಗಡಿಯ ಪುಟಗಳಲ್ಲಿ 175 ಎಂಬ ತೂಕ ಮತ್ತೆ ಮತ್ತೆ ಕಾಣುವುದು ಇದರಿಂದ. ಅದು ಮಿತಿಯ ಅಂಚಿಗೆ ತಂದು ನಿಲ್ಲಿಸಿದ ತೂಕ, ಎಲ್ಲರಿಗೂ ಒಳ್ಳೆಯ ತೂಕವೇನಲ್ಲ.

ಸ್ಪೀಡ್, ಗ್ಲೈಡ್, ಟರ್ನ್, ಫೇಡ್ ಮಾತ್ರ ತಯಾರಿಸಿದವರು ಹೇಳುವ ಅಂಕಿಗಳು. 'ಪಿಡಿಜಿಎ ಒಪ್ಪಿಗೆ ಪಡೆದದ್ದು' ಎಂದು ಪುಟದಲ್ಲಿ ಇದ್ದರೆ ಆ ಒಪ್ಪಿಗೆ ಅಳತೆಗೆ, ಹಾರಾಟಕ್ಕಲ್ಲ. ಡಿಸ್ಕ್ರಾಫ್ಟ್ ಕಂಪನಿಯವರು ಮೊದಲು ನಾಲ್ಕರ ಬದಲು ಒಂದೇ ಅಂಕಿ ಕೊಡುತ್ತಿದ್ದರು, ಆಮೇಲೆ ಅವರೂ ನಾಲ್ಕಕ್ಕೆ ಬಂದರು. ಒಂದು ಕಂಪನಿಯ 7, ಇನ್ನೊಂದು ಕಂಪನಿಯ 7 ಪಕ್ಕಾ ಒಂದೇ ಎಂದು ತಿಳಿಯುವಂತಿಲ್ಲ. ಮಾವಿನ ಕಾಲದಲ್ಲಿ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಪ್ರತಿ ಪೆಟ್ಟಿಗೆಯ ಮೇಲೂ 'ದೇವಗಡ' ಎಂದೇ ಇರುತ್ತದೆ. ಡಜನ್ ಎಷ್ಟು ಎಂಬುದನ್ನು ಎಣಿಸಬಹುದು. ದೇವಗಡವೋ ಅಲ್ಲವೋ ಎಂಬುದಕ್ಕೆ ಮಾರುವವನ ಮಾತೇ ಗತಿ. ಮಾತು ಸುಳ್ಳು ಎಂದಲ್ಲ. ಯಾವುದು ಎಣಿಕೆ, ಯಾವುದು ಮಾತು ಎಂಬುದು ಕೊಳ್ಳುವವನಿಗೆ ಗೊತ್ತಿರಬೇಕು ಅಷ್ಟೇ.

ಇನ್ನು ಪ್ಲಾಸ್ಟಿಕ್. ಒಂದೇ ಅಚ್ಚಿನ ಡಿಸ್ಕನ್ನು ನಾಲ್ಕಾರು ಬಗೆಯ ಪ್ಲಾಸ್ಟಿಕ್‌ನಲ್ಲಿ ತೆಗೆಯುತ್ತಾರೆ, ಒಂದೊಂದು ಕಂಪನಿ ಒಂದೊಂದು ಹೆಸರಿಡುತ್ತದೆ. ಇನ್ನೋವಾದಲ್ಲಿ ಡಿಎಕ್ಸ್ ಎಂದರೆ ಅಗ್ಗದ್ದು. ಕೈಗೆ ಹಿಡಿತ ಚೆನ್ನಾಗಿ ಸಿಗುತ್ತದೆ, ಮರಕ್ಕೆ ಬಡಿದು ಬೇಗ ಸವೆಯುತ್ತದೆ. ಚಾಂಪಿಯನ್, ಸ್ಟಾರ್ ಎಂಬವು ಬಾಳಿಕೆಯವು, ಬೆಲೆ ಸುಮಾರು ಎರಡರಷ್ಟು. ಡಿಸ್ಕ್ರಾಫ್ಟ್‌ನವರ ಬಾಳಿಕೆಯ ಪ್ಲಾಸ್ಟಿಕ್‌ಗೆ ಝೆಡ್, ಇಎಸ್‌ಪಿ ಎಂಬ ಹೆಸರು. ಪ್ಲಾಸ್ಟಿಕ್ ಬದಲಾದರೆ ಹಾರಾಟವೂ ಸ್ವಲ್ಪ ಬದಲಾಗುತ್ತದೆ. ಸವೆದ ಡಿಸ್ಕ್ ಹೊಸದಕ್ಕಿಂತ ಹೆಚ್ಚು ಬಲಕ್ಕೆ ವಾಲುತ್ತದೆ. ಆದರೂ ಹೆಚ್ಚಿನ ಪುಟಗಳಲ್ಲಿ ಒಂದು ಅಚ್ಚಿಗೆ ಒಂದೇ ನಾಲ್ಕಂಕಿ.

ಇಷ್ಟು ತಿಳಿದ ಮೇಲೆ ನಾಲ್ಕಾರು ಅಂಗಡಿಗಳ ಪುಟಗಳನ್ನು ಹೋಲಿಸಿದೆ. ಮಾರುವುದರಲ್ಲಿ ಎರಡು ಬಗೆ ಕಂಡಿತು. ಮೊದಲನೆಯ ಬಗೆಯ ಅಂಗಡಿ ಒಂದೇ ಚಿತ್ರ ಹಾಕುತ್ತದೆ. ತೂಕಕ್ಕೆ '173ರಿಂದ 175' ಎಂಬ ಪಟ್ಟಿ, ಬಣ್ಣಕ್ಕೆ 'ಬೇರೆ ಬರಬಹುದು' ಎಂಬ ಸೂಚನೆ. ಎರಡನೆಯ ಬಗೆಯವರು ಕಪಾಟಿನಲ್ಲಿರುವ ಒಂದೊಂದು ಡಿಸ್ಕನ್ನೂ ಬೇರೆಬೇರೆ ಫೋಟೋ ತೆಗೆದು, ತೂಗಿ, ಅದರದರ ತೂಕ ಬರೆದಿರುತ್ತಾರೆ. ಮೇಲ್ಭಾಗ ಉಬ್ಬೋ ಚಪ್ಪಟೆಯೋ ಎಂದೂ ಕೆಲವರು ಹೇಳುತ್ತಾರೆ. ನೀವು ಒತ್ತಿದ ಚಿತ್ರದ ಡಿಸ್ಕೇ ಮನೆಗೆ ಬರುತ್ತದೆ.

ಪ್ಲಾಸ್ಟಿಕ್ ತಟ್ಟೆಗೆ ಇಷ್ಟು ಉಪಚಾರ ಯಾಕೆ ಎಂದು ಮೊದಲು ನಗು ಬಂತು. ಆಮೇಲೆ ಇಳಕಲ್ ಸೀರೆಯ ಅಂಗಡಿ ನೆನಪಾಯಿತು. 'ಕೆಂಪು ಸೆರಗಿನ ಸೀರೆ, ಒಂದು' ಎಂದು ಚೀಟಿ ಕೊಟ್ಟು ಯಾರಾದರೂ ಸೀರೆ ತರುತ್ತಾರೆಯೇ? ಗಾದಿಯ ಮೇಲೆ ಒಂದೊಂದನ್ನೇ ಬಿಚ್ಚಿ ಹಾಸಿ ತೋರಿಸಬೇಕು. ಅಚ್ಚಿನಿಂದ ಬರುವ ಡಿಸ್ಕಿನಲ್ಲೂ ಹಾಗೆಯೇ, ಬಿಸಿ ಪ್ಲಾಸ್ಟಿಕ್ ತಣ್ಣಗಾಗುವಾಗ ಒಂದು ಸ್ವಲ್ಪ ಉಬ್ಬುತ್ತದೆ, ಇನ್ನೊಂದು ಚಪ್ಪಟೆಯಾಗುತ್ತದೆ, ತೂಕ ಒಂದೆರಡು ಗ್ರಾಂ ಆಚೀಚೆ. ನಮ್ಮ ಕಾರ್ಖಾನೆಯಲ್ಲಿ ಅದಕ್ಕೆ ಟಾಲರೆನ್ಸ್ ಎನ್ನುತ್ತಿದ್ದೆವು. ಡಿಸ್ಕ್ ಎಸೆಯುವವನಿಗೆ ಅದೇ ಹಾರಾಟ.

ಅಚ್ಚು ಕೆಟ್ಟ ಮಾಲನ್ನು ಮಾರುವ ಪುಟಗಳೂ ನನಗೆ ಹಿಡಿಸಿದವು. ಮೇಲಿನ ಚಿತ್ರ ಸರಿಯಾಗಿ ಮೂಡದ, ಪ್ಲಾಸ್ಟಿಕ್‌ನಲ್ಲಿ ಕಲೆ ಇರುವ ಡಿಸ್ಕುಗಳನ್ನು ಇನ್ನೋವಾದವರು 'ಫ್ಯಾಕ್ಟರಿ ಸೆಕೆಂಡ್' ಎಂದೂ ಡಿಸ್ಕ್ರಾಫ್ಟ್‌ನವರು 'ಎಕ್ಸ್ ಔಟ್' ಎಂದೂ ಹೆಸರಿಟ್ಟು ಕಡಿಮೆ ಬೆಲೆಗೆ ಬಿಡುತ್ತಾರೆ. ದೋಷ ಹೆಚ್ಚಾಗಿ ನೋಟದ್ದು, ಆಡುವವನಿಗೆ ಲಾಭ. ಇದಕ್ಕೆ ತದ್ವಿರುದ್ಧ ದೊಡ್ಡ ಆಟಗಾರರ ಹೆಸರಿನ ಅಚ್ಚು ಒತ್ತಿದ ಡಿಸ್ಕುಗಳು. ಪಾಲ್ ಮೆಕ್‌ಬೆತ್ ಎಂಬ ವಿಶ್ವ ಚಾಂಪಿಯನ್ 2021ರಲ್ಲಿ ಡಿಸ್ಕ್ರಾಫ್ಟ್ ಜೊತೆ 10 ವರ್ಷಕ್ಕೆ 10 ಮಿಲಿಯನ್ ಡಾಲರಿನ ಒಪ್ಪಂದ ಮಾಡಿಕೊಂಡರು. ಆ ದುಡ್ಡು ಬರುವುದು ಇಂಥ ತಟ್ಟೆಗಳ ಮಾರಾಟದಿಂದಲೇ. ಇಷ್ಟದ ಆಟಗಾರನ ಹೆಸರಿಗೆ ಹೆಚ್ಚು ಕೊಡುವುದು ತಪ್ಪಲ್ಲ. ಹೆಸರಿನಿಂದ ಡಿಸ್ಕ್ ದೂರ ಹೋಗುತ್ತದೆ ಎಂದುಕೊಳ್ಳಬಾರದು.

ಎರಡನೆಯ ಸಲ ಕೊಳ್ಳುವಾಗ ನಾನು ಬಹಳ ಜಾಣನಾಗಿದ್ದೆ. ಲೆಪರ್ಡ್ ಎಂದು ತೀರ್ಮಾನಿಸಿದೆ. ತೂಕ ಕಡಿಮೆಯದು. ಹೊಸಬನಿಗೆ ಸ್ವಲ್ಪ ಸವೆದದ್ದೇ ಒಳ್ಳೆಯದು ಎಂದು ಓದಿದ್ದರಿಂದ ಬಳಸಿದ ಡಿಸ್ಕುಗಳ ವಿಭಾಗಕ್ಕೆ ಹೋದೆ. ಅಲ್ಲಿ ಪ್ರತಿ ಡಿಸ್ಕಿಗೂ 10ಕ್ಕೆ ಇಷ್ಟು ಎಂದು ಅಂಕ ಕೊಟ್ಟಿರುತ್ತಾರೆ. 10 ಎಂದರೆ ಎಸೆಯದ ಹೊಸದು, 7 ಎಂದರೆ ಗೀರು ಬಿದ್ದಿದೆ ಆದರೆ ಚೆನ್ನಾಗಿ ಹಾರುತ್ತದೆ, ಹೀಗೆ. ನಾನು ಆರಿಸಿದ್ದಕ್ಕೆ 7 ಅಂಕ. ಅದರ ಪಕ್ಕ ಇನ್ನೊಂದು ಸಾಲು: 'ತಳದಲ್ಲಿ ಇಂಕ್ ಇದೆ'. ಅದಕ್ಕೆ ಬೆಲೆಯೂ ಕಡಿಮೆ. ಇಂಕ್ ಎಂದರೆ ಕಲೆ ಇರಬೇಕು, ಸ್ಪಿರಿಟ್ ಹಾಕಿ ಒರೆಸಿದರೆ ಹೋದೀತು ಎಂದುಕೊಂಡು ತರಿಸಿಬಿಟ್ಟೆ.

ಡಿಸ್ಕ್ ಮುಟ್ಟಿದ ಸಂಜೆ ಮೊಮ್ಮಗನ ವಿಡಿಯೋ ಕಾಲ್. ಡಿಸ್ಕ್ ತಿರುಗಿಸಿ ತಳ ತೋರಿಸಿದ. ಮಾರ್ಕರ್ ಪೆನ್ನಿನಲ್ಲಿ ಒಂದು ಹೆಸರು, ಕೆಳಗೆ ಫೋನ್ ನಂಬರು. "ಅಜ್ಜಾ, ಇದು ಯಾರದೋ ಅದ" ಎಂದ.

ಆಗ ತಿಳಿಯಿತು. ಆ ಆಟದವರೆಲ್ಲ ಡಿಸ್ಕಿನ ತಳದಲ್ಲಿ ಹೆಸರು, ನಂಬರು ಬರೆಯುತ್ತಾರಂತೆ. ಪೊದೆಯಲ್ಲಿ, ಮರದ ಮೇಲೆ, ಕೆರೆಯಲ್ಲಿ ಡಿಸ್ಕ್ ಕಳೆಯುವುದು ದಿನದ ಮಾತು. ಸಿಕ್ಕವರು ನಂಬರಿಗೆ ಫೋನ್ ಮಾಡಿ ಮುಟ್ಟಿಸುವುದು ಆಟದ ಮರ್ಯಾದೆ. ಕೆರೆಗಿಳಿದು ಮುಳುಗಿದ ಡಿಸ್ಕ್ ತೆಗೆಯುವವರೂ ಇದ್ದಾರೆ. ಅವರಲ್ಲಿ ಮಾಲೀಕರಿಗೆ ಕೊಡುವವರೂ ಉಂಟು, ಮಾರುವವರೂ ಉಂಟು. ಆಡಿ ಬೇಸತ್ತು ತಾವೇ ಮಾರುವವರ ಡಿಸ್ಕಿನಲ್ಲೂ ಹೆಸರು ಇದ್ದೇ ಇರುತ್ತದೆ. ಹಾಗಾಗಿ 'ಇಂಕ್ ಇದೆ' ಎಂಬ ಒಂದೇ ಸಾಲಿನಲ್ಲಿ ಎರಡು ಕಥೆ ಅಡಗಿರಬಹುದು. ಮಾಲೀಕ ಮಾರಿದ್ದು ಒಂದು, ಮಾಲೀಕ ಕಳೆದುಕೊಂಡದ್ದು ಇನ್ನೊಂದು. ಪುಟದಲ್ಲಿ ಎರಡಕ್ಕೂ ಒಂದೇ ಮಾತು, ಒಂದೇ ರಿಯಾಯಿತಿ.

ನಾನು ಹೇಳಿದೆ: "ನಾವು ರೊಕ್ಕ ಕೊಟ್ಟು ತಗೊಂಡೀವಿ, ರಸೀದಿ ಅದ. ನಮ್ಮದೇನೂ ತಪ್ಪಿಲ್ಲ." ಹುಡುಗ ಸುಮ್ಮನಾದ. ಎರಡು ದಿನದ ಮೇಲೆ ಮಗಳು ಹೇಳಿದಳು, ಅವನು ಆ ಡಿಸ್ಕನ್ನು ಒಂದು ಸಲವೂ ಎಸೆದಿಲ್ಲವಂತೆ. ಕೊನೆಗೆ ಅವಳೇ ಆ ನಂಬರಿಗೆ ಮೆಸೇಜು ಹಾಕಿದಳು. ಉತ್ತರ ಬಂತು. ಆತ ಮಾರಿರಲಿಲ್ಲ. ಎರಡು ಬೇಸಿಗೆಯ ಹಿಂದೆ ಕೆರೆಗೆ ಬಿದ್ದದ್ದು. 'ನೀವು ದುಡ್ಡು ಕೊಟ್ಟಿದ್ದೀರಿ, ನೀವೇ ಇಟ್ಟುಕೊಳ್ಳಿ' ಎಂದೂ ಬರೆದಿದ್ದರಂತೆ.

ಹುಡುಗ ಒಪ್ಪಲಿಲ್ಲ. ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿ, ಅಮ್ಮನನ್ನು ಕರೆದುಕೊಂಡು ಹೋಗಿ ಕೊಟ್ಟು ಬಂದ. "ಇಟ್ಟುಕೋ ಅಂದಿದ್ರಲ್ಲೋ" ಎಂದು ಕೇಳಿದೆ. "ಹೆಸರು ಬರದಿತ್ತಲ್ಲಾ ಅಜ್ಜಾ" ಎಂದ. ಅಷ್ಟೇ ಅವನ ಉತ್ತರ. ರಸೀದಿಯ ಮಾತು ಆಡಿದ ನನಗೆ ನಾಚಿಕೆಯಾಯಿತು. 31 ವರ್ಷ ಮಾಲಿನ ಮೇಲೆ ಬರೆದದ್ದನ್ನು ಓದುವ ಕೆಲಸ ಮಾಡಿ, ಈ ಒಂದು ಹೆಸರನ್ನು ನಾನು ಕಲೆ ಎಂದು ಓದಿದ್ದೆ.

ಅಂಗಡಿಗೆ ಬರೆದೆ. ಸಿಟ್ಟಿನಿಂದಲ್ಲ, ಅವರಿಗೂ ಗೊತ್ತಿರಲಿಕ್ಕಿಲ್ಲ. ಹೆಸರಿರುವ ಡಿಸ್ಕ್ ಕೊಳ್ಳುವಾಗ ಆ ನಂಬರಿಗೆ ಒಂದು ಫೋನ್ ಮಾಡಿ, 'ಮಾಲೀಕರ ಒಪ್ಪಿಗೆ ಇದೆ' ಎಂಬ ಒಂದು ಸಾಲನ್ನು ಪುಟದಲ್ಲಿ ಸೇರಿಸಿದರೆ ಚೆನ್ನ ಎಂದೆ. ಹಣ ಹಿಂದಿರುಗಿಸಿದರು. ಸಾಲು ಸೇರಿಸಿದ್ದನ್ನು ಇನ್ನೂ ಕಂಡಿಲ್ಲ.

ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಹೊರದೇಶದಲ್ಲಿದ್ದು ಈ ಆಟ ಹಿಡಿದಿದ್ದರೆ ಇಷ್ಟು ನೆನಪಿಡಿ. ಹೊಸಬರಿಗೆ ಸ್ಪೀಡ್ 7ರೊಳಗಿನದು ಕೊಡಿ. ಮಕ್ಕಳಿಗೆ 175ರ ಬದಲು 150ರ ಆಸುಪಾಸಿನ ತೂಕ. ಶುರುವಿಗೆ ಅಗ್ಗದ ಪ್ಲಾಸ್ಟಿಕ್ ಸಾಕು, ಹೇಗೂ ಕಳೆಯುತ್ತಾರೆ. ಆ ಡಿಸ್ಕಿನದೇ ಫೋಟೋ, ಅದರದೇ ತೂಕ ಹಾಕಿದ ಅಂಗಡಿ ಸಿಕ್ಕರೆ ಅಲ್ಲೇ ಕೊಳ್ಳಿ. ಬಳಸಿದ್ದರಲ್ಲಿ ಇಂಕ್ ಎಂದು ಕಂಡರೆ ಯಾರದು ಎಂದು ಕೇಳಿ. ಎಲ್ಲಕ್ಕಿಂತ ಮೊದಲು, ಕೊಳ್ಳುವ ಮುಂಚೆ ಹುಡುಗನನ್ನೇ ಕೇಳಿ. ನಾನು ಕೇಳಿದ್ದರೆ ಈ ಅಂಕಣಕ್ಕೆ ವಿಷಯವೇ ಇರುತ್ತಿರಲಿಲ್ಲ.

ಮೂರನೆಯ ಡಿಸ್ಕನ್ನು ಅವನೇ ಆರಿಸಿದ. ಹೊಸ ಲೆಪರ್ಡ್, ಡಿಎಕ್ಸ್ ಪ್ಲಾಸ್ಟಿಕ್, 150 ಗ್ರಾಂ, ಕಿತ್ತಳೆ ಬಣ್ಣ. ನೇರ ಹೋಗುತ್ತದಂತೆ. ಡೆಸ್ಟ್ರಾಯರನ್ನು ಗೋಡೆಗೆ ತೂಗುಹಾಕಿದ್ದಾನೆ, ಕೈ ಬಲಿತ ಮೇಲೆ ನೋಡೋಣ ಎಂದು. ತಳದಲ್ಲಿ ಹೆಸರು ಬರೆಯುವಾಗ ನಾನು ಕಾಲ್‌ನಲ್ಲಿದ್ದೆ. "ಕನ್ನಡದಾಗ ಬರಿಯೋ" ಎಂದೆ.

"ಕಳದ್ರ ಯಾರು ಓದತಾರ ಅಜ್ಜಾ?"

"ನಂಬರು ಅಂಕಿಯಾಗ ಇರತದಲ್ಲೋ, ಫೋನ್ ಮಾಡತಾರ."

ಸ್ವಲ್ಪ ಯೋಚಿಸಿ, ಅಕ್ಕರಾಸ್ತೆ ಬಿಡಿಸಿದ ಹಾಗೆ ನಿಧಾನವಾಗಿ ತನ್ನ ಹೆಸರನ್ನು ಕನ್ನಡದಲ್ಲಿ ಬರೆದ. ಒಂದು ಒತ್ತಕ್ಷರ ತಪ್ಪಿತ್ತು. ನಾನು ಹೇಳಲಿಲ್ಲ. ಮಾರ್ಕರಿನಲ್ಲಿ ಬರೆದದ್ದು, ಅಳಿಸಲು ಬರುವುದಿಲ್ಲ.